ಏಳು ಎಂದರೆ ಒಂಬತ್ತು

ಜೂನ್ ೧೧

ಮಾನ್ಯರೇ,

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ಬಸ್ ಡಿಪೋದ ಕಂಪ್ಯೂಟರ್ ಕೋಣೆಯಲ್ಲಿ ನಿಮ್ಮ ಪತ್ನಿಯವರು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಅವರು ನಿವೃತ್ತರಾದ ಮೇಲೆ ಸೇರಿದವಳು, ಅವರನ್ನು ನೋಡಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂದಾಗ ಡಿಪೋದಲ್ಲಿ ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಪರಿಚಯ ಅಷ್ಟೇ. ಆದರೆ ಅವರು ಬರೆದ ಪ್ರೋಗ್ರಾಮನ್ನು ಮೂರು ವರ್ಷದಿಂದ ದಿನವೂ ಓದುತ್ತಿದ್ದೇನೆ.

ಮೇ ಮೂವತ್ತರ ಸಂಜೆ ನಮ್ಮದೊಂದು ಬಸ್ಸು ಸೇತುವೆಯ ಗೋಡೆಗೆ ಹೊಡೆಯಿತು. ಪ್ರಯಾಣಿಕರಿಗೆ ಸಣ್ಣಪುಟ್ಟ ಗಾಯ. ಚಾಲಕರು ಅಲ್ಲೇ ತೀರಿಕೊಂಡರು. ಅವರು ನಿದ್ದೆ ಹೋಗಿದ್ದರೆಂದು ಹಿಂದೆ ಕೂತಿದ್ದವರು ಹೇಳಿದ್ದಾರೆ. ವಿಚಾರಣೆ ನಡೆಯುತ್ತಿದೆ. ಒಂದು ಸರದಿ ಮುಗಿಸಿದ ಚಾಲಕರಿಗೆ ಎಷ್ಟು ಬಿಡುವು ಕೊಡಬೇಕು, ಯಾವಾಗ ಮನೆಗೆ ಫೋನ್ ಮಾಡಿ ಮುಂದಿನ ಸರದಿಗೆ ಕರೆಯಬೇಕು ಎಂಬುದನ್ನೆಲ್ಲ ಪ್ರೋಗ್ರಾಮೇ ತೀರ್ಮಾನಿಸುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆಂದು ನಾನು ವರದಿ ಕೊಡಬೇಕು.

ನಿಮ್ಮ ಪತ್ನಿಯವರು ಟಿಪ್ಪಣಿಗಳನ್ನು ಬರೆದಿಲ್ಲ. ಲೆಕ್ಕಕ್ಕೆ ಬೇಕಾದ ಅಂಕಿಗಳನ್ನೆಲ್ಲ ಕ್ಲಾಸುಗಳ ಒಳಗೆ, ಫೀಲ್ಡುಗಳಲ್ಲಿ ಕೂಡಿಟ್ಟಿದ್ದಾರೆ. ಒಂದು ಅಂಕಿ ಬದಲಿಸಬೇಕಾದರೂ ಇಡೀ ಪ್ರೋಗ್ರಾಮನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಕಳೆದ ವರ್ಷದಿಂದ ನಾನು ಆ ಫೀಲ್ಡುಗಳ ಬೆಲೆಯನ್ನು ಹೊರಗೆ ತಂದು, ಒಂದೊಂದನ್ನೂ ಹೆಸರಿರುವ ಆಬ್ಜೆಕ್ಟಾಗಿ ಮಾಡಿ, ಸೆಟ್ಟಿಂಗ್ಸ್ ಕಡತದಲ್ಲಿ ಪಟ್ಟಿ ಮಾಡುತ್ತಿದ್ದೇನೆ. ಪ್ರೋಗ್ರಾಮಿನ ಯಾವ ಭಾಗಕ್ಕೆ ಯಾವ ಅಂಕಿ ಬೇಕೋ ಅದನ್ನು ಫ್ರೇಮ್‌ವರ್ಕೇ ಹುಡುಕಿ ತಲುಪಿಸುತ್ತದೆ. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ.

ಹೀಗೆ ಹೊರಗೆ ತಂದಾಗ ಕೆಲವು ಹೆಸರಿಗೂ ಬೆಲೆಗೂ ತಾಳೆಯಾಗಲಿಲ್ಲ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಮಾತುಗಳು. ‘ಹತ್ತು’ ಎಂಬುದರ ಎದುರು ಮೂರು ಎಂದಿತ್ತು, ‘ಆರು’ ಎದುರು ಇಪ್ಪತ್ತು, ‘ಏಳು’ ಎದುರು ಒಂಬತ್ತು. ಮ್ಯಾನೇಜರ್ ಅವರ ಸೂಚನೆಯಂತೆ ಅಗತ್ಯವಿದ್ದದ್ದನ್ನು ಸರಿಪಡಿಸಿದ್ದೇವೆ. ಆ ಹಳೆಯ ಅಂಕಿಗಳನ್ನು ಅವರು ಯಾವ ಆಧಾರದ ಮೇಲೆ ಇಟ್ಟಿದ್ದರೆಂದು ತಿಳಿದರೆ ನನ್ನ ವರದಿಗೆ ಅನುಕೂಲ. ಅವರ ನೋಟ್‌ಪುಸ್ತಕ ಏನಾದರೂ ನಿಮ್ಮ ಬಳಿ ಉಳಿದಿದೆಯೇ?

ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ.

ಇತಿ ವಿಧೇಯಳು,
ಕಂಪ್ಯೂಟರ್ ವಿಭಾಗದವಳು


ಜೂನ್ ೧೯

ರೆಸ್ಪೆಕ್ಟೆಡ್ ಮೇಡಂ,

ಹೀಗೇ ಶುರುಮಾಡಬೇಕೆಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಇದಾದ ಮೇಲೆ ‘ಐ ಬೆಗ್ ಟು ಸ್ಟೇಟ್’ ಬರುತ್ತದೆ. ಅದರ ಮುಂದಿನದು ಮರೆತುಹೋಗಿದೆ. ಒಂದೂವರೆ ವರ್ಷ ಕಾಲೇಜಿಗೆ ಹೋಗಿ ಆಮೇಲೆ ಸ್ಟೇರಿಂಗ್ ಹಿಡಿದವನು ನಾನು, ಮೂವತ್ತೊಂದು ವರ್ಷ ನಿಮ್ಮ ಡಿಪೋದ ಬಸ್ಸನ್ನೇ ಓಡಿಸಿದೆ. ಹಾಗಾಗಿ ಇನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕ್ಲಾಸು ಗೊತ್ತು, ಅದರ ಹೊರಗೆ ನಿಂತದ್ದೇ ಹೆಚ್ಚು. ಫೀಲ್ಡು ಎಂದರೆ ಬಯಲು. ಆಬ್ಜೆಕ್ಟು ವ್ಯಾಕರಣದಲ್ಲಿ ಬರುತ್ತದೆ: ಸಬ್ಜೆಕ್ಟು ಮಾಡಿದ್ದನ್ನು ಆಬ್ಜೆಕ್ಟು ಅನುಭವಿಸುತ್ತದೆ. ಡಿಪೆಂಡೆಂಟು ಎಂದರೆ ಸರ್ವಿಸ್ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಅವಳದ್ದು, ಅವಳ ಹೆಸರಿನ ಕೆಳಗೆ ನನ್ನದು ಇದ್ದ ಕಾಲಂ. ಇಂಜೆಕ್ಷನ್ನು ಕೊನೆಯ ಎರಡು ತಿಂಗಳು ಅವಳಿಗೆ ನಾನೇ ಕೊಡುತ್ತಿದ್ದೆ. ‘ಗೇರ್ ಹಾಕೋ ಕೈಯಲ್ಲಿ ಸೂಜಿ ಹಾಕ್ತಿದೀರಲ್ರೀ, ಸ್ವಲ್ಪ ನಿಧಾನ’ ಎನ್ನುತ್ತಿದ್ದಳು. ಹೀಗೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಗೊತ್ತು, ಸೇರಿಸಿ ಓದಿದರೆ ತಲೆಬುಡ ಗೊತ್ತಾಗಲಿಲ್ಲ. ನಾನೀಗ ಇರುವುದು ತಂಗಿಯ ಮನೆಯಲ್ಲಿ. ಅವಳು ಓದಿ, ‘ಡಬ್ಬದೊಳಗೆ ಮುಚ್ಚಿಟ್ಟಿದ್ದ ಸಾಮಾನಿಗೆಲ್ಲ ಚೀಟಿ ಅಂಟಿಸಿ ಕಪಾಟಿನ ಮುಂದಿನ ಸಾಲಿಗೆ ತಂದಿಟ್ಟಿದಾರೆ ಅಣ್ಣಾ, ಬೇಕಾದವ್ರಿಗೆ ತೆಕ್ಕೊಡೋಕೆ’ ಎಂದಳು. ಆಗ ತಿಳಿಯಿತು.

ಮೇಡಂ, ಆ ಮೂರು ಹೆಸರು ಅಂಕಿಗಳಲ್ಲ. ಅವು ಕೆಲಸಗಳು. ಹತ್ತು ಎಂದರೆ ಬಸ್ಸು ಹತ್ತುವುದು: ನಿಲ್ದಾಣದಲ್ಲಿ ಜನ ಹತ್ತಲಿಕ್ಕೆ ಮೂರು ನಿಮಿಷ. ಆರು ಎಂದರೆ ಬಿಸಿ ಆರುವುದು: ಏರುದಾರಿಯಲ್ಲಿ ಬಂದ ಎಂಜಿನ್ನು ಇಪ್ಪತ್ತು ನಿಮಿಷ ಆರಬೇಕು. ಏಳು ಎಂದರೆ ಎದ್ದೇಳು. ಸರದಿ ಮುಗಿಸಿ ಹೋದವನನ್ನು ಒಂಬತ್ತು ಗಂಟೆ ಕಳೆದ ಮೇಲೆ ಏಳು ಎಂದು ಎಬ್ಬಿಸುವುದು.

ಆ ಒಂಬತ್ತು ಸುಮ್ಮನೆ ಬಂದದ್ದಲ್ಲ. ಒಂದು ಸಲ ನಾನು ಬಸ್ಸನ್ನು ಚರಂಡಿಗೆ ಇಳಿಸಿದೆ. ಯಾರಿಗೂ ಏನೂ ಆಗಲಿಲ್ಲ, ಮುಂದಿನ ಸೀಟಿನ ಅಜ್ಜಿಯೊಬ್ಬರ ಕನ್ನಡಕ ಮುರಿಯಿತು ಅಷ್ಟೆ. ಮನೆಗೆ ಬಂದು ಬ್ರೇಕ್ ಹಿಡಿಯಲಿಲ್ಲ ಎಂದೆ. ಅವಳು ತಟ್ಟೆ ತೊಳೆಯುತ್ತಿದ್ದವಳು ತಿರುಗಿಯೂ ನೋಡದೆ, ‘ಬ್ರೇಕಲ್ಲ, ಕಣ್ಣು. ನನ್ನ ಹತ್ರ ಯಾಕ್ರೀ ರೀಲು ಬಿಡ್ತೀರಾ’ ಎಂದಳು. ಮಾರನೆಯ ದಿನದಿಂದ ಒಂದು ಪುಸ್ತಕದಲ್ಲಿ ಬರೆಯತೊಡಗಿದಳು. ನಾನು ಬಂದ ಹೊತ್ತು, ಸ್ನಾನ, ಊಟ, ಮಲಗಿದ್ದು, ನಿಜವಾಗಿ ನಿದ್ದೆ ಹತ್ತಿದ್ದು. ಗೊರಕೆ ಶುರುವಾದ ನಿಮಿಷವನ್ನೂ ಬಿಟ್ಟಿಲ್ಲ. ಆರು ತಿಂಗಳು ಹೀಗೆ. ಸಾಲದ್ದಕ್ಕೆ ಹದಿನಾಲ್ಕು ಚಾಲಕರ ಹೆಂಡಂದಿರನ್ನು ಹಿಡಿದು ಕೇಳಿ ಬರೆದುಕೊಂಡಳು. ಡಿಪೋದಲ್ಲಿ ನನ್ನನ್ನು ಗೇಲಿ ಮಾಡಿದ್ದೇ ಮಾಡಿದ್ದು, ನಿನ್ನ ಗೊರಕೆ ಆಫೀಸು ದಾಖಲೆ ಸೇರಿತಂತಲ್ಲೋ ಎಂದು. ಕೊನೆಗೆ ಅವಳು ಹೇಳಿದ್ದು ಇಷ್ಟು: ‘ಬಸ್ಸಿಂದ ಇಳಿದ್ಮೇಲೂ ಎರಡು ಗಂಟೆ ನಿಮ್ಮ ಕಣ್ಣೊಳಗೆ ರಸ್ತೆ ಓಡ್ತಾನೇ ಇರುತ್ತೆ. ಏಳು ಗಂಟೆ ನಿದ್ದೆ ಆಗ್ಬೇಕಂದ್ರೆ ಒಂಬತ್ತು ಗಂಟೆ ಬಿಡ್ಬೇಕು.’

ಆ ಪುಸ್ತಕ ನನ್ನ ಟ್ರಂಕಿನಲ್ಲಿದೆ. ಬೇಕೆಂದರೆ ಕಳಿಸುತ್ತೇನೆ.

ತೀರಿಕೊಂಡ ಚಾಲಕ ಯಾರೆಂದು ನೀವು ಬರೆಯಲಿಲ್ಲ. ಪೇಪರಿನಲ್ಲಿ ಫೋಟೋ ನೋಡಿದೆ. ನಮ್ಮ ಸೀಟಿ. ಸ್ಟೇರಿಂಗ್ ಹಿಡಿದರೆ ಸೀಟಿ ಹೊಡೆಯದೆ ಗೇರು ಬದಲಿಸುತ್ತಿರಲಿಲ್ಲ, ಹಾಗಾಗಿ ಆ ಹೆಸರು. ನನ್ನ ಕೈಕೆಳಗೆ ಕಲಿತವನು.

ನೀವು ‘ಸರಿಪಡಿಸಿದ್ದೇವೆ’ ಎಂದು ಬರೆದಿದ್ದೀರಿ. ಯಾವುದನ್ನು ಎಷ್ಟು ಮಾಡಿದಿರಿ? ದಯವಿಟ್ಟು ತಿಳಿಸಿ.

ಯುವರ್ಸ್ ಫೇತ್‌ಫುಲಿ,
ನಿಮ್ಮ ಕುರ್ಚಿಯಲ್ಲಿ ಮೊದಲು ಕೂತಿದ್ದವಳ ಗಂಡ


ಜುಲೈ ೨೪

ಮೇಡಂ,

ಐದು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ಅಂಚೆಯಲ್ಲಿ ತಪ್ಪಿತೇನೋ ಎಂದುಕೊಂಡೆ. ಅಂಚೆಯವರು ದಿನವೂ ನನ್ನ ಮುಖ ನೋಡಿ ತಾವಾಗಿಯೇ ತಲೆಯಾಡಿಸುತ್ತಿದ್ದರು.

ಹೋದ ವಾರ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ನಿಮ್ಮೂರಿಗೆ ಬಂದೆ. ನಿಮ್ಮ ಕೋಣೆಯವರೆಗೂ ಬಂದೆ. ಕಿಟಕಿಯಿಂದ ನಿಮ್ಮ ಬೆನ್ನು ಕಂಡಿತು. ಅವಳಿಟ್ಟಿದ್ದ ಹಸಿರು ಮೇಜುದೀಪ ಇನ್ನೂ ಇದೆ. ಒಳಗೆ ಬರಲು ಧೈರ್ಯವಾಗಲಿಲ್ಲ, ನೋಟಿಸ್ ಬೋರ್ಡಿನ ಮುಂದೆ ನಿಂತೆ. ಅಲ್ಲಿ ಅಂಟಿಸಿದ್ದಾರೆ: ಚಾಲಕನಿಗೆ ನಿಗದಿಯಾದ ಬಿಡುವು ಪೂರ್ತಿ ದೊರೆತಿದ್ದರೂ ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದಾನೆಂದು ಮೇಲ್ನೋಟಕ್ಕೆ ಕಂಡುಬಂದಿದೆ.

ಅಲ್ಲಿಂದ ಸೀಟಿಯ ಮನೆಗೆ ಹೋದೆ. ಅವನ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಮದುವೆಯಾದಾಗಿನಿಂದ ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ಬಾಗಿಲಲ್ಲೇ ಕೇಳಿದಳು: ‘ಕುಡಿದಿದ್ರಾ ಅಂತ ಎಲ್ರೂ ಕೇಳ್ತಾರೆ ದೊಡ್ಡಪ್ಪ. ಕೇಳದೆ ಇರೋರು ಹಾಗಂದ್ಕೊಂಡೇ ಸುಮ್ನಿದಾರೆ. ಅಷ್ಟು ಹೊತ್ತು ಬಿಡುವು ಕೊಟ್ಟಿದ್ರಂತೆ, ಇವ್ರಿಗ್ಯಾಕೆ ನಿದ್ದೆ ಬಂತು?’ ಅವಳ ದನಿಯಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿತ್ತು. ಅವನ ಮೇಲೆ.

ನಾನು ಏನು ಹೇಳಲಿ? ನನಗೆ ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ಆದ್ದರಿಂದ ಸುತ್ತುಬಳಸು ಬಿಟ್ಟು ಕೇಳುತ್ತಿದ್ದೇನೆ: ಮೇ ಮೂವತ್ತನೇ ತಾರೀಕು ಆ ಪಟ್ಟಿಯಲ್ಲಿ ‘ಏಳು’ ಎದುರು ಇದ್ದದ್ದು ಒಂಬತ್ತೋ, ಏಳೋ?

ಸೀಟಿಗೆ ಬಸ್ಸು ಕಲಿಸಿದವನು


ಆಗಸ್ಟ್ ೨

ಸರ್,

ಏಳು.

ಈ ಒಂದು ಮಾತು ಬರೆಯಲು ನನಗೆ ಆರು ವಾರ ಬೇಕಾಯಿತು. ನಿಮ್ಮ ಮೊದಲ ಕಾಗದ ಬಂದ ದಿನವೇ ಎಲ್ಲವೂ ಗೊತ್ತಾಯಿತು. ಅರ್ಧ ಓದಿದ್ದೆ, ಅಷ್ಟಕ್ಕೇ ಎದ್ದು ಹೋಗಿ ಪಟ್ಟಿಯಲ್ಲಿ ಒಂಬತ್ತು ಮಾಡಿ ಬಂದೆ. ಯಾರಿಗೂ ಹೇಳಲಿಲ್ಲ. ಮಿಕ್ಕರ್ಧ ಓದಿದ್ದು ಮನೆಗೆ ಹೋದ ಮೇಲೆ.

ನಡೆದದ್ದು ಇದು. ಅಂಕಿಯನ್ನು ಹೊರಗೆ ತಂದ ಮೊದಲಲ್ಲಿ ಏನೂ ಕೆಟ್ಟಿರಲಿಲ್ಲ. ಪ್ರೋಗ್ರಾಮ್ ಶುರುವಾದಾಗ ಫ್ರೇಮ್‌ವರ್ಕು ನಿಮ್ಮ ಪತ್ನಿಯವರ ಫೀಲ್ಡಿನಿಂದಲೇ ಬೆಲೆ ತೆಗೆದುಕೊಂಡು ಪ್ರೋಗ್ರಾಮಿನಲ್ಲಿ ಅದನ್ನು ಕೇಳಿದ ಭಾಗಗಳಿಗೆಲ್ಲ ಹಂಚುತ್ತಿತ್ತು. ಆಗಲೂ ಒಂಬತ್ತೇ. ಫೆಬ್ರವರಿಯಲ್ಲಿ ನಾನು ಹೊಸ ಪಟ್ಟಿಯನ್ನು ಮ್ಯಾನೇಜರ್‌ಗೆ ಹೆಮ್ಮೆಯಿಂದ ತೋರಿಸಿದೆ, ಇನ್ನು ಯಾವ ಅಂಕಿಯನ್ನಾದರೂ ಒಂದು ನಿಮಿಷದಲ್ಲಿ ಬದಲಿಸಬಹುದು ಎಂದು. ಅವರು ಪರದೆಯ ಮೇಲೆ ಬೆರಳಿಟ್ಟು, ‘ಇದೇನಮ್ಮಾ, ಏಳು ಅಂತ ಬರೆದು ಒಂಬತ್ತು ಹಾಕಿದಾರೆ? ಮನುಷ್ಯನಿಗೆ ಏಳು ಗಂಟೆ ನಿದ್ದೆ ಸಾಕು ಅಂತ ಡಾಕ್ಟ್ರೇ ಹೇಳ್ತಾರೆ. ಹೆಸರೂ ಅದನ್ನೇ ಹೇಳ್ತಿದೆಯಲ್ಲ. ಸರಿಮಾಡು’ ಎಂದರು. ನಾನು ಮಾಡಿದೆ. ಹೇಳಿದ್ದೆನಲ್ಲ, ಒಂದು ನಿಮಿಷ.

ಅದೇ ದಿನ ‘ಹತ್ತು’ ಎಂಬುದನ್ನೂ ಹತ್ತು ಮಾಡಿದೆವು. ಪ್ರತಿ ನಿಲ್ದಾಣದಲ್ಲೂ ಬಸ್ಸು ಹತ್ತು ನಿಮಿಷ ನಿಂತಿತು. ಜನ ಬಸ್ಸಿನ ಮೈ ಬಡಿದು ಕೂಗಾಡಿದರು, ಸಂಜೆಯೊಳಗೆ ಮೂರಕ್ಕೆ ಇಳಿಸಿದೆವು. ‘ಆರು’ ತಿದ್ದುವ ಮೊದಲೇ ಮೆಕ್ಯಾನಿಕ್ ಓಡಿಬಂದು, ‘ಎಂಜಿನ್ ಸುಟ್ಟು ಕರಕಲಾಗುತ್ತೆ ತಾಯಿ, ನಿಮ್ಮ ದಮ್ಮಯ್ಯ’ ಎಂದರು. ಆಗಲೂ ನನಗೆ ಹೊಳೆಯಲಿಲ್ಲ. ಏಳರ ಬಗ್ಗೆ ಮಾತ್ರ ಯಾರೂ ಬಂದು ಕೂಗಲಿಲ್ಲ. ಬಸ್ಸು ನಿಂತರೆ ಜನ ಕೂಗುತ್ತಾರೆ, ಎಂಜಿನ್ನಿಗಾದರೆ ಮೆಕ್ಯಾನಿಕ್ ಕೂಗುತ್ತಾನೆ. ನಿದ್ದೆ ಸಾಲದವರಿಗೆ ಕೂಗಲು ಶಕ್ತಿ ಎಲ್ಲಿ?

ಕ್ಲಾಸಿನೊಳಗೆ ನಿಮ್ಮ ಪತ್ನಿಯವರ ಸಾಲು ಈಗಲೂ ಹಾಗೇ ಇದೆ, ಒಂಬತ್ತು ಎಂದು. ನಾನು ಅದನ್ನು ಮುಟ್ಟಿರಲಿಲ್ಲ. ಅದನ್ನು ಕೇಳಿಕೊಂಡು ಬರುವ ಭಾಗಗಳನ್ನು ಮಾತ್ರ ಪಟ್ಟಿಯ ಏಳರ ಕಡೆ ತಿರುಗಿಸಿದ್ದೆ.

ಈಗ ವರದಿಯ ವಿಷಯ. ಮ್ಯಾನೇಜರ್ ಒಂದು ಕರಡು ಕೊಟ್ಟಿದ್ದಾರೆ: ಹಿಂದಿನ ಸಿಬ್ಬಂದಿ ಇಟ್ಟಿದ್ದ ಕೆಲವು ತಪ್ಪು ಅಂಕಿಗಳನ್ನು ಫೆಬ್ರವರಿಯಲ್ಲಿ ಸರಿಪಡಿಸಲಾಗಿದೆ, ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಚಾಲಕನಿಗೆ ಪೂರ್ತಿ ಬಿಡುವು ಸಿಕ್ಕಿತ್ತು. ಕೆಳಗೆ ನನ್ನ ಸಹಿಗೆ ಜಾಗ. ‘ತೀರಿಹೋದೋರಿಗೆ ಇನ್ನೇನಾಗುತ್ತಮ್ಮಾ, ನಿನಗಿನ್ನೂ ಮೂವತ್ತು ವರ್ಷ ಸರ್ವಿಸ್ ಇದೆ’ ಎಂದರು. ಈ ತಿಂಗಳ ಇಪ್ಪತ್ತರೊಳಗೆ ಕೊಡಬೇಕು. ಇನ್ನೂ ಸಹಿ ಹಾಕಿಲ್ಲ, ಹರಿದೂ ಹಾಕಿಲ್ಲ. ನಾನು ಹೆದರಿದ್ದೇನೆ, ಸರ್. ನೀವು ಹೇಗೆ ಹೇಳುತ್ತೀರೋ ಹಾಗೆ ಮಾಡುತ್ತೇನೆ.

ತಪ್ಪಿತಸ್ಥೆ


ಆಗಸ್ಟ್ ೯

ತಾಯಿ,

ನಿನ್ನ ಕಾಗದ ಓದಿ ಮೊದಲು ಬಂದದ್ದು ಸಿಟ್ಟು. ಅದರಲ್ಲೇ ಒಂದು ಉತ್ತರ ಬರೆದೆ. ತಂಗಿ ಓದಿ, ‘ಇದನ್ನ ಕಳಿಸ್ಬೇಡ ಅಣ್ಣಾ, ಅತ್ತಿಗೆ ಇದ್ದಿದ್ರೆ ನಿನ್ನ ಕೈಯಿಂದ ಕಿತ್ಕೊಳ್ತಿದ್ರು’ ಎಂದಳು. ಹರಿದೆ. ಇದು ಎರಡನೆಯದು. ಏಕವಚನದಲ್ಲಿ ಬರೆಯುತ್ತಿದ್ದೇನೆ, ನಿನ್ನ ವಯಸ್ಸು ಅಂದಾಜಾಯಿತು.

ಏಕವಚನ ಎಂದೆನಲ್ಲ, ಅದರ ಬಗ್ಗೆಯೇ ಹೇಳಬೇಕಾದದ್ದಿದೆ. ಯಾರಿಗೂ ಹೇಳಿಲ್ಲ, ತಂಗಿಗೂ.

ಅವಳು ದಿನವೂ ನನ್ನನ್ನು ಎಬ್ಬಿಸುತ್ತಿದ್ದದ್ದು ‘ಏಳ್ರೀ’ ಎಂದು. ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ‘ನೀನು’ ಎಂದವಳಲ್ಲ. ಜಗಳದಲ್ಲಿ ಕೂಡ ‘ನೀವೊಬ್ರು ದಡ್ರು’ ಎಂದೇ ಬೈಯುತ್ತಿದ್ದಳು. ಆ ಪ್ರೋಗ್ರಾಮ್ ಬರೆಯುವಾಗ ಮೊದಲು ಇಟ್ಟ ಹೆಸರು ‘ಏಳಿ’. ಮರ್ಯಾದೆಯ ಏಳಿ. ಒಂದು ಭಾನುವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ಅವಳು ಕಂಪ್ಯೂಟರ್ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ತಿದ್ದುತ್ತಿದ್ದಳು. ಇದ್ದಕ್ಕಿದ್ದಂತೆ ನಗತೊಡಗಿದಳು. ಏನೇ ಎಂದೆ. ‘ಮನೇಲಂತೂ ಆಗ್ಲಿಲ್ಲ, ಇಲ್ಲಾದ್ರೂ ನಿಮ್ಮನ್ನ ಏಕವಚನದಲ್ಲಿ ಕರ್ದುಬಿಡ್ತೀನಿ ನೋಡಿ’ ಎಂದು ಏಳಿಯನ್ನು ಹೊಡೆದು ಏಳು ಮಾಡಿದಳು. ‘ಮಾಡೇ, ಯಾರು ನೋಡ್ತಾರೆ’ ಎಂದು ನಾನೂ ನಕ್ಕೆ.

ಯಾರು ನೋಡ್ತಾರೆ ಎಂದೆ. ಆಗ ಅದು ಕ್ಲಾಸಿನೊಳಗೆ ಇತ್ತು, ನೋಡುವವರು ಇರಲಿಲ್ಲ. ಏಳಿ ಎಂದೇ ಇದ್ದಿದ್ದರೆ ನೀನಾಗಲಿ ನಿನ್ನ ಮ್ಯಾನೇಜರಾಗಲಿ ಅದನ್ನು ಅಂಕಿ ಎಂದುಕೊಳ್ಳುತ್ತಿರಲಿಲ್ಲ. ಕೊನೆಯ ಒಂದೇ ಒಂದು ಅಕ್ಷರ. ನಮ್ಮ ಮದುವೆಯಲ್ಲಿ ಅವಳು ತೆಗೆದುಕೊಂಡ ಸಲುಗೆ ಅಷ್ಟೇ, ಅದೂ ನಾನು ಒಪ್ಪಿದ ಮೇಲೆ. ಸೀಟಿ ಸತ್ತದ್ದರಲ್ಲಿ ಆ ಅಕ್ಷರದ ಪಾಲೂ ಇದೆ. ತಪ್ಪು ನಿನ್ನದಲ್ಲ ಎಂದು ಹೇಳುತ್ತಿಲ್ಲ. ನೀನು ಒಂದು ಮಾತು ಕೇಳಬಹುದಿತ್ತು. ನಾಲ್ಕು ಗಂಟೆ ದಾರಿಯಷ್ಟು ದೂರದಲ್ಲಿ ನಾನಿದ್ದೆ. ಸೀಟಿ ಸತ್ತ ಮೇಲೆ ನೀನು ಕಾಗದ ಬರೆದೆ, ಅಂಕಿ ಬದಲಿಸುವ ಮೊದಲು ಬರೆಯಲಿಲ್ಲ. ಅದು ನಿನ್ನ ಪಾಲು. ಆದರೆ ಪೂರ್ತಿ ನಿನ್ನದೇ ಎಂದು ಹೇಳಲು ನನಗೆ ಬಾಯಿಲ್ಲ.

ನಾನು ಹೇಳಿದಂತೆ ಮಾಡುತ್ತೇನೆ ಎಂದು ಬರೆದಿದ್ದೀಯ. ನಾನು ಹೇಳುವುದಿಲ್ಲ. ಹೇಳಿ ಮಾಡಿಸಿದರೆ ಅದು ಮತ್ತೊಬ್ಬ ಮ್ಯಾನೇಜರ್ ಮಾತು ಕೇಳಿದಂತಾಗುತ್ತದೆ.

ಈ ಕಾಗದದ ಜೊತೆ ಅವಳ ಪುಸ್ತಕ ಇದೆ. ನಕಲು ತೆಗೆದಿಲ್ಲ. ನಲವತ್ತೊಂದನೇ ಪುಟದಲ್ಲಿ ಹದಿನಾಲ್ಕು ಮನೆಗಳ ಲೆಕ್ಕ ಇದೆ, ಕೆಳಗೆ ‘ಆದ್ದರಿಂದ ಒಂಬತ್ತು’ ಎಂದು ಅವಳ ಕೈಬರಹ. ಒಂಬತ್ತು ತಪ್ಪಲ್ಲ ಎನ್ನುವುದಕ್ಕೆ ಜಗತ್ತಿನಲ್ಲಿ ಇರುವುದು ಇದೊಂದೇ ಕಾಗದ. ನೀನು ಒಲೆಗೆ ಹಾಕಿದರೆ ಕೇಳುವವರು ಯಾರೂ ಇಲ್ಲ. ಮುದುಕ ಏನೋ ಬಡಬಡಿಸುತ್ತಾನೆ ಎಂದು ನನ್ನನ್ನು ಕಳಿಸಿಬಿಡುತ್ತಾರೆ. ತಂಗಿ ಬೈದಳು, ಅಂಚೆ ಕಚೇರಿಯವರೆಗೂ ಹಿಂದೆ ಬಂದು ಬೈದಳು. ಆದರೂ ಕಳಿಸುತ್ತಿದ್ದೇನೆ. ನಿನ್ನ ಕೈಗೆ ಕೊಡದೆ ನಾನೇ ಹೋಗಿ ಸಾಹೇಬರ ಮೇಜಿನ ಮೇಲಿಟ್ಟರೆ ನೀನು ಜೀವಮಾನವಿಡೀ ಸಿಕ್ಕಿಬಿದ್ದವಳಾಗಿ ಉಳಿಯುತ್ತೀಯ. ಅವಳ ಕುರ್ಚಿಯಲ್ಲಿ ಕೂತವಳು ಹಾಗಾಗುವುದು ಬೇಡ.

ಗೊರಕೆಯ ಪುಟಗಳನ್ನು ಬೇಕಾದರೆ ಓದಬೇಡ. ಸ್ವಲ್ಪ ನಾಚಿಕೆಯಾಗುತ್ತದೆ.

ನಿನ್ನ ಹಿರಿಯ


ಸೆಪ್ಟೆಂಬರ್ ೨೨

ಅಪ್ಪಾಜಿ,

ಹೀಗೆ ಕರೆಯಬಹುದೋ ಇಲ್ಲವೋ, ಕರೆದಿದ್ದೇನೆ.

ಆಗಸ್ಟ್ ಹದಿನೆಂಟಕ್ಕೆ ನನ್ನ ವರದಿಯನ್ನು ನಾನೇ ಬರೆದು ವಿಚಾರಣಾಧಿಕಾರಿಗಳ ಕೈಗೆ ಕೊಟ್ಟೆ. ಪುಸ್ತಕವನ್ನೂ ಇಟ್ಟೆ. ಅವರು ನಲವತ್ತೊಂದನೇ ಪುಟವನ್ನು ಬಹಳ ಹೊತ್ತು ನೋಡಿದರು. ಗೊರಕೆಯ ಪುಟಗಳನ್ನೂ ಓದಿದರು, ಕ್ಷಮಿಸಿ. ಒಂದು ಕಡೆ ಅಮ್ಮನವರು ಅಂಚಿನಲ್ಲಿ ‘ಇವತ್ತು ನಿದ್ದೆಯಲ್ಲಿ ಹಾರ್ನ್ ಹೊಡೆದರು’ ಎಂದು ಬರೆದಿದ್ದಾರೆ. ಅಧಿಕಾರಿಗಳ ಮುಖದಲ್ಲಿ ನಗು ಬಂದು ಕೂಡಲೇ ಹೋಯಿತು.

‘ಏಳು ಅಂದ್ರೆ ಎದ್ದೇಳು ಅಂತ ನಿಮಗೆ ಹೊಳೀಲೇ ಇಲ್ವಾ?’ ಎಂದು ಕೇಳಿದರು. ಇಲ್ಲ ಎಂದೆ. ‘ನನಗೂ ಹೊಳೀತಿರ್ಲಿಲ್ವೇನೋ’ ಎಂದರು. ‘ಆದ್ರೆ ನಾನು ಕೇಳ್ತಿದ್ದೆ.’ ನೀವು ಬರೆದದ್ದೂ ಇದನ್ನೇ.

ಮ್ಯಾನೇಜರ್ ಬೇರೆ ಕಡೆಗೆ ವರ್ಗವಾದರು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಕಾಗದವಿಲ್ಲ, ಅದು ಅಷ್ಟಕ್ಕೇ ನಿಂತಿತು. ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ಕುರ್ಚಿ ಖಾಲಿಯಿದೆ. ಬರುವಾಗ ಆ ಸಾಲಿನ ಪಕ್ಕದಲ್ಲಿ, ಪಟ್ಟಿಯಲ್ಲೂ ಕ್ಲಾಸಿನಲ್ಲೂ, ಟಿಪ್ಪಣಿ ಬರೆದು ಬಂದೆ. ಹೆಸರು ಬದಲಿಸಲು ಕೈ ಬರಲಿಲ್ಲ. ಮುಂದೆ ಬರುವವರಿಗೆ ಅರ್ಥವಾಗುವಷ್ಟು ಬರೆದಿದ್ದೇನೆ.

ಪುಸ್ತಕ ವಿಚಾರಣೆಯ ಕಡತದಲ್ಲಿದೆ. ಮುಗಿದ ಮೇಲೆ ವಾಪಸ್ ಕೊಡುತ್ತಾರಂತೆ.

ಚಾಲಕರ ಪತ್ನಿಗೆ ಹೊಸ ಪತ್ರ ಸಿದ್ಧವಾಗಿದೆ: ಅವರಿಗೆ ಸಿಗಬೇಕಾದ ಬಿಡುವು ಸಿಕ್ಕಿರಲಿಲ್ಲ, ಎರಡು ಗಂಟೆ ಮೊದಲೇ ಕರೆಯಲಾಗಿತ್ತು, ನಿರ್ಲಕ್ಷ್ಯದ ಮಾತನ್ನು ಹಿಂತೆಗೆದುಕೊಳ್ಳಲಾಗಿದೆ ಎಂದು. ಅಂಚೆಗೆ ಹಾಕುತ್ತಿದ್ದರು, ನಾನು ಬೇಡಿಕೊಂಡೆ. ಒಬ್ಬರೇ ನಿಂತು ಓದುವ ಪತ್ರವಲ್ಲ ಅದು. ಇದರೊಂದಿಗೆ ಇಟ್ಟಿದ್ದೇನೆ. ನೀವು ಕೊಟ್ಟುಬರುತ್ತೀರಾ? ನಾನೇ ಹೋಗಬೇಕಿತ್ತು. ಅವರ ಬೀದಿಯ ತಿರುವಿನವರೆಗೂ ಎರಡು ಸಲ ಹೋಗಿ ವಾಪಸ್ ಬಂದೆ.

ನಿಮ್ಮ ಮಗಳಂಥವಳು


ಅಕ್ಟೋಬರ್ ೪

ಮಗಳೇ,

ಕೊಟ್ಟುಬಂದೆ.

ಮೂರನೆಯ ಮಹಡಿ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಅವಳು ಆಗಷ್ಟೇ ಲಾಂಡ್ರಿಯಿಂದ ಬಂದಿದ್ದಳು, ಮುಂಗೈ ಮೇಲೆ ಇಸ್ತ್ರಿ ಪೆಟ್ಟಿಗೆ ತಾಗಿದ ಕೆಂಪು ಗುರುತು. ನನ್ನನ್ನು ಕೂರಿಸಿ ನೀರು ಕೊಟ್ಟಳು. ಪತ್ರವನ್ನು ಕಿಟಕಿಯ ಹತ್ತಿರ ಹೋಗಿ ಓದಿದಳು, ಮತ್ತೆ ಓದಿದಳು.

‘ಹಾಗಾದ್ರೆ ಕುಡಿದಿರ್ಲಿಲ್ಲ ಅಂತ ಬರ್ದಿದಾರಾ?’

‘ಅವನದೇನೂ ತಪ್ಪಿಲ್ಲ ಅಂತ ಬರ್ದಿದಾರೆ.’

ಅಳುತ್ತಾಳೆ, ಆಮೇಲೆ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಅದನ್ನೇ ಕಲ್ಪಿಸಿಕೊಂಡು ಬಂದಿದ್ದೆ. ಸತ್ಯ ಹೊತ್ತು ತರುತ್ತಿದ್ದೇನೆ ಎಂಬ ಒಂದು ಬಗೆಯ ಗತ್ತು ಕೂಡ ಇತ್ತು ನನಗೆ, ನಿನ್ನ ಹತ್ತಿರ ಮುಚ್ಚಿಡುವುದೇನು. ಅವಳು ಅಳಲಿಲ್ಲ. ಬೆರಳು ಮಡಚಿ ಎಣಿಸತೊಡಗಿದಳು.

‘ಬೆಳಿಗ್ಗೆ ಆರಕ್ಕೆ ಬಂದ್ರು. ಫೋನ್ ಬಂದಿದ್ದು ಮಧ್ಯಾಹ್ನ ಒಂದಕ್ಕೆ. ಮೂರಕ್ಕೆ ಬರ್ಬೇಕಿತ್ತಾ ದೊಡ್ಡಪ್ಪ?’

‘ಹೂಂ.’

ಆಮೇಲೆ ಏನೋ ಹೇಳಿದಳು. ಮೂವತ್ತೊಂದು ವರ್ಷ ಎಂಜಿನ್ನಿನ ಪಕ್ಕ ಕೂತವನ ಕಿವಿ, ಮಗಳೇ, ಮೆಲುದನಿ ಹಿಡಿಯುವುದಿಲ್ಲ. ಏನಮ್ಮಾ ಎಂದೆ. ಇನ್ನೊಂದು ಸಲ ಹೇಳಿದಳು. ಕೇಳಿಸಲಿಲ್ಲವಮ್ಮಾ ಎಂದೆ. ಆಗ ಅವಳು ಕೂಗಿದಳು, ಪಕ್ಕದ ಮನೆಯ ಬಾಗಿಲು ತೆರೆದುಕೊಳ್ಳುವಷ್ಟು ಜೋರಾಗಿ:

‘ನಾನೇ ಎಬ್ಬಿಸ್ದೆ! ಫೋನ್ ಬಂದಾಗ ಅವ್ರು ಏಳ್ಲಿಲ್ಲ. ಇನ್ನೊಂದರ್ಧ ಗಂಟೆ ಬಿಡೇ ಅಂದ್ರು. ನಾನೇ ಹೊದಿಕೆ ಎಳ್ದೆ. ಸೋಮಾರಿ ಅಂದೆ. ಮುಖಕ್ಕೆ ನೀರು ಚಿಮುಕಿಸ್ದೆ!’

ಪಕ್ಕದ ಮನೆಯವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಒಳಗೆ ಹೋದಳು.

ಎಬ್ಬಿಸಿದ್ದು ನೀನಲ್ಲಮ್ಮ, ಯಂತ್ರ ಎಬ್ಬಿಸಿತು, ಕಂಪ್ಯೂಟರಿನಲ್ಲಿ ಒಂಬತ್ತು ಇದ್ದ ಕಡೆ ಏಳು ಹಾಕಿದ್ದರು ಎಂದೆ. ‘ಕೈ ನಂದೇ ಅಲ್ವಾ ದೊಡ್ಡಪ್ಪ’ ಎಂದು ಕೈ ಮುಂದೆ ಚಾಚಿ ತೋರಿಸಿದಳು. ನಾಲ್ಕು ತಿಂಗಳು ಅವಳು ಅವನ ಮೇಲೆ ಸಿಟ್ಟು ಹಿಡಿದುಕೊಂಡು ನಿಂತಿದ್ದಳು. ಹಿಡಿದುಕೊಳ್ಳಲು ಅದಾದರೂ ಇತ್ತು. ಅದನ್ನು ಬಿಡಿಸಿ, ಈ ಎರಡು ಗಂಟೆಯನ್ನು ಕೈಯಲ್ಲಿಟ್ಟು ಬಂದೆ. ಸುಳ್ಳೇ ಇರಲಿ ಎನ್ನುವುದಕ್ಕಾಗುವುದಿಲ್ಲ. ನೀನು ಮಾಡಿದ್ದು ಸರಿ, ನಾನು ಮಾಡಿದ್ದೂ ಸರಿ. ಆದರೂ ಬರುವಾಗ ಇದ್ದ ಗತ್ತು ಮೆಟ್ಟಿಲಿಳಿಯುವಾಗ ಇರಲಿಲ್ಲ.

ಇಳಿಯುವ ಮೊದಲು ಅವಳು ಕೇಳಿದ್ದನ್ನು ಬರೆಯಲೆಂದೇ ಈ ಕಾಗದ. ‘ಕಂಪ್ಯೂಟರಲ್ಲಿ ಏಳು ಅಂತ ಹಾಕಿದ್ದು ಯಾರು, ಆ ಕೋಣೇಲಿ ಕೂರೋ ಹುಡುಗೀನಾ?’ ಎಂದಳು. ಹೌದು ಎಂದೆ. ‘ಕರ್ಕೊಂಡು ಬನ್ನಿ. ಬೈಯೋಕಲ್ಲ. ಬೈಯೋರು ಸಾಕಷ್ಟು ಬೈದಿರ್ತಾರೆ. ಇದನ್ನ ನಾನು ಯಾರ ಹತ್ರ ಹೇಳ್ಲಿ? ಹೇಳಿದ್ರೆ ನಿನ್ನದೇನಿದೆ ಬಿಡು ಅಂತಾರೆ. ಅವಳು ಹಾಗನ್ನಲ್ಲ.’

ನಿನ್ನನ್ನು ಕೇಳದೆ ಹೂಂ ಎಂದು ಬಂದಿದ್ದೇನೆ. ಬರುವ ಭಾನುವಾರ ಹನ್ನೊಂದರ ಬಸ್ಸಿನಲ್ಲಿ ಬಂದಿಳಿದು, ಅವರ ಬೀದಿಯ ತಿರುವಿನಲ್ಲಿ ನಿಂತಿರುತ್ತೇನೆ. ಸಮಾಧಾನದ ಮಾತು ಯಾವುದನ್ನೂ ಸಿದ್ಧ ಮಾಡಿಕೊಂಡು ಬರಬೇಡ. ಬಂದು ಅವಳ ಪಕ್ಕ ಕೂತುಕೋ, ಸಾಕು. ನನಗಾದರೆ ಅವಳು ಕೂಗಿ ಹೇಳಬೇಕಾಗುತ್ತದೆ. ನಿನಗೆ ಮೆಲ್ಲಗೆ ಹೇಳಬಹುದು.

ಕಾಯುವ,
ಅಪ್ಪಾಜಿ